ಬೆಳ್ಳಗಾದ ಪುಡಿ

ಹುಮನಾಬಾದಿನ ಕಾಲೇಜಿನಲ್ಲಿ ರಸಾಯನಶಾಸ್ತ್ರ ಕಲಿಸುತ್ತಿದ್ದ ನಾಗನಾಥನಿಗೆ ೧೯೭೯ರ ಆ ವರ್ಷ ಪಿಎಚ್‌ಡಿಯ ಹುಚ್ಚು ಹಿಡಿದಿತ್ತು. ಕಬ್ಬಿಣದ ಸುತ್ತ ಕೂತು ಅದನ್ನು ಹಿಡಿದುಕೊಳ್ಳುವ ಅಣುಗಳಿಗೆ ಲಿಗ್ಯಾಂಡ್ ಎನ್ನುತ್ತಾರೆ. ಅವುಗಳ ಹಿಡಿತ ಬಿಗಿಯಾಗಿದ್ದರೆ ಕಬ್ಬಿಣದೊಳಗಿನ ಎಲೆಕ್ಟ್ರಾನುಗಳು ಜೋಡಿ ಜೋಡಿಯಾಗಿ ಅಡಗಿ ಕೂಡುತ್ತವೆ, ಆಯಸ್ಕಾಂತ ಎಳೆಯುವುದಿಲ್ಲ. ಹಿಡಿತ ಸಡಿಲಾದರೆ ಬಿಡಿಬಿಡಿಯಾಗಿ ನಿಲ್ಲುತ್ತವೆ, ಆಗ ಎಳೆಯುತ್ತದೆ. ಯಾವ ಲಿಗ್ಯಾಂಡಿನ ಹಿಡಿತ ಎಷ್ಟು ಎಂಬುದೇ ಅವನ ವಿಷಯ.

ಜನವರಿಯ ಚಳಿಯಲ್ಲಿ ಅವನ ಕೈಗೆ ಒಂದು ಚೆಂದದ ನೇರಳೆ ಪುಡಿ ಬಂತು. ಗಾಜಿನ ಕೊಳವೆಗೆ ತುಂಬಿ, ತಕ್ಕಡಿಗೆ ತೂಗುಹಾಕಿ, ಆಯಸ್ಕಾಂತದ ನಡುವೆ ಇಳಿಬಿಟ್ಟ. ಮುಳ್ಳು ಅಲುಗಲಿಲ್ಲ. ಬಿಗಿ ಹಿಡಿತ ಎಂದು ಬರೆದುಕೊಂಡು ಬಾಟಲಿಯನ್ನು ತಕ್ಕಡಿ ಇದ್ದ ಆ ತಗಡಿನ ಮಾಡಿನ ಕೋಣೆಯ ಕಪಾಟಿನಲ್ಲೇ ಇಟ್ಟ.

ಆ ಕೋಣೆಯ ಕೀಲಿ ಇರುತ್ತಿದ್ದದ್ದು ಅಂಬಾದಾಸನ ಹತ್ತಿರ. ಮೋರಖಂಡಿಯವನು, ನಾಗನಾಥನ ವಾರಿಗೆಯವನೇ. ಹನ್ನೊಂದು ವರ್ಷದಿಂದ ಪ್ರಯೋಗಾಲಯದ ಅಟೆಂಡರ್. ಅವನು ತೊಳೆದಿಟ್ಟ ಗಾಜನ್ನು ಇನ್ನೊಮ್ಮೆ ನೋಡುವ ಅಗತ್ಯ ಯಾರಿಗೂ ಬಿದ್ದಿರಲಿಲ್ಲ.

ಏಪ್ರಿಲ್ ಕೊನೆಯಲ್ಲಿ ಪ್ರಾಯೋಗಿಕ ಪರೀಕ್ಷೆಗೆ ಗುಲಬರ್ಗಾದಿಂದ ಪರೀಕ್ಷಕರಾಗಿ ಮಹಾರುದ್ರಪ್ಪನವರು ಬಂದರು. ಊಟವಾದ ಮೇಲೆ ನಾಗನಾಥ ಹೆಮ್ಮೆಯಿಂದ ಅವರನ್ನು ಕೋಣೆಗೆ ಕರೆದೊಯ್ದು ಕಪಾಟು ತೆಗೆದ. ಅವನ ಕೈಬರಹದ ಚೀಟಿ ಅಂಟಿದ್ದ ಬಾಟಲಿಯಲ್ಲಿ ಸುಣ್ಣದಂಥ ಬಿಳಿ ಪುಡಿ ಇತ್ತು.

"ಅಂಬಾದಾಸ, ಏನಿದು?"

"ಯಾರೂ ಮುಟ್ಟಿಲ್ರಿ ಸರ್. ಸೆಕಿಗೆ ಹಾಂಗ ಆಗ್ತದ್ರಿ. ಮೂರು ದಿನದಿಂದ ನೋಡಾಕತ್ತೇನಿ. ಮಧ್ಯಾಹ್ನ ಬೆಳ್ಳಗ, ಮುಂಜಾನಿ ಮತ್ತ ನೇರಳಿ. ನೀವು ಪರೀಕ್ಷಾ ಗಡಿಬಿಡ್ಯಾಗ ಇದ್ರಿ, ಹೇಳಲಿಲ್ಲ."

ಮಹಾರುದ್ರಪ್ಪನವರು ನಕ್ಕುಬಿಟ್ಟರು. "ಏನ್ರೀ ನಾಗನಾಥ, ನಿಮ್ಮ ಅಟೆಂಡರ ನಿಮಗ ಕೆಮಿಸ್ಟ್ರಿ ಹೇಳಾಕತ್ತಾನಲ್ಲ!"

ಆ ನಗು ನಾಗನಾಥನ ಮೈಯೆಲ್ಲ ಉರಿಸಿತು. ಅಲ್ಲೇ ಆ ಬಿಳಿ ಪುಡಿಯನ್ನು ತಕ್ಕಡಿಗೆ ತೂಗುಹಾಕಿದ. ಆಯಸ್ಕಾಂತ ಅದನ್ನು ಸರಕ್ಕನೆ ಕೆಳಗೆಳೆಯಿತು. ಜನವರಿಯಲ್ಲಿ ಎಳೆದಿರಲಿಲ್ಲ, ಈಗ ಎಳೆಯುತ್ತಿದೆ. ಅಂದಮೇಲೆ ಇದು ಬೇರೆಯೇ ಪದಾರ್ಥ. ಅಂಬಾದಾಸ ಮೊದಲಿನ ಪುಡಿ ಚೆಲ್ಲಿ ಕೈಗೆ ಸಿಕ್ಕದ್ದನ್ನು ತುಂಬಿಟ್ಟಿದ್ದಾನೆ. ಇದಕ್ಕಿಂತ ರುಜುವಾತು ಇನ್ನೇನು ಬೇಕು?

"ಒಂದು ರಾತ್ರಿ ಇಡ್ರಿ ಸರ್," ಎಂದ ಅಂಬಾದಾಸ.

ನಾಗನಾಥ ಬಾಟಲಿಯನ್ನು ಹಿತ್ತಲ ಚರಂಡಿಗೆ ಬೋರಲು ಹಾಕಿದ. ಸಂಜೆಯೊಳಗೆ ಆಡಳಿತ ಮಂಡಳಿಗೆ ದೂರು ಬರೆದ. ಜೂನ್ ಬರುವುದರೊಳಗೆ ಅಂಬಾದಾಸನ ನೌಕರಿ ಹೋಯಿತು.

ಆಮೇಲೆ ನಾಗನಾಥ ಎಷ್ಟು ಸಲ ಮಾಡಿದರೂ ಅಳತೆಗಳು ತಾಳೆಯಾಗಲಿಲ್ಲ. ಬೇಸರ ಬಂದು ಪಿಎಚ್‌ಡಿಯನ್ನೇ ಕೈಬಿಟ್ಟ. ಏಳು ವರ್ಷ ಕಳೆದ ಮೇಲೆ ಗುಲಬರ್ಗಾದ ಗ್ರಂಥಾಲಯದಲ್ಲಿ ಹೊರದೇಶದ ಪತ್ರಿಕೆಯೊಂದನ್ನು ತಿರುವುತ್ತಿದ್ದಾಗ ಅದೇ ಲಿಗ್ಯಾಂಡ್ ಕಣ್ಣಿಗೆ ಬಿತ್ತು. ಅದರ ಹಿಡಿತ ಬಿಗಿಯೂ ಅಲ್ಲ, ಸಡಿಲವೂ ಅಲ್ಲ, ಎರಡರ ಅಂಚಿನಲ್ಲಿದೆ. ತಂಪಿನಲ್ಲಿ ಎಲೆಕ್ಟ್ರಾನುಗಳು ಜೋಡಿಯಾಗಿರುತ್ತವೆ, ಬಣ್ಣ ನೇರಳೆ. ಶಾಖ ನಲವತ್ತು ಡಿಗ್ರಿ ದಾಟಿದರೆ ಬಿಡಿಯಾಗುತ್ತವೆ, ಬಣ್ಣ ಬಿಳಿ, ಆಯಸ್ಕಾಂತ ಎಳೆಯುತ್ತದೆ.

ಊರಿಗೆ ಬಂದವನೇ ಪುಡಿ ಮಾಡಿದ. ಕೊಳವೆಯನ್ನು ಬಿಸಿನೀರಿಗೆ ಇಳಿಸಿದ, ಬೆಳ್ಳಗಾಯಿತು. ತಣ್ಣೀರಿಗೆ ಹಿಡಿದ, ನೇರಳೆಯಾಯಿತು. ನಾಲ್ಕು ಸಲ ಹಾಗೆ ಮಾಡಿ ಸ್ಟೂಲಿನ ಮೇಲೆ ಕೂತ.

ಅಂಬಾದಾಸ ಬಸವಕಲ್ಯಾಣದ ಹೆದ್ದಾರಿಯಲ್ಲಿ ಯುನೂಸನ ಲಾರಿ ಗ್ಯಾರೇಜಿನಲ್ಲಿದ್ದ. ಗ್ರೀಸಿನ ಕೈ ಒರೆಸಿಕೊಳ್ಳುತ್ತ ಬಂದವನ ತಲೆ ಅರ್ಧ ನೆರೆತಿತ್ತು. ನಾಗನಾಥ ನಿಂತಲ್ಲೇ ಎಲ್ಲ ಹೇಳಿದ. ಹೇಳುವಾಗ ಬಾಯಿಗೆ 'ನೀವು' ಬಂತು.

"ನೀವು ಹೇಳಿದ್ದೇ ಖರೆ ಇತ್ತು ಅಂಬಾದಾಸ. ತಪ್ಪು ನಂದು."

"ನನಗ ಗೊತ್ತಿತ್ತಲ್ರಿ ಸರ್. ಕಣ್ಣಾರೆ ನೋಡಿದ್ದೆ." ಅಂಬಾದಾಸ ಕೈ ಒರೆಸಿದ ಬಟ್ಟೆಯನ್ನು ಹೆಗಲಿಗೆ ಹಾಕಿಕೊಂಡ. "ನಮ್ಮ ಅವ್ವಗ ಗೊತ್ತಿದ್ದಿಲ್ಲ. ಅಷ್ಟು ಕಲಿತ ಮಂದಿ ಸುಳ್ಳು ಬರೀತಾರೇನು, ಖರೆ ಹೇಳು, ಚೆಲ್ಲಿಯೇನು ಅಂತ ಸಾಯೂತನಾ ಕೇಳಿದಳು. ಹ್ವಾದ ವರ್ಷ ತೀರಿಕೊಂಡಳ್ರಿ."

ಒಳಗಿನಿಂದ ಯುನೂಸ್ ಕೂಗಿದ. "ಚಾ ಕುಡದು ಹೋಗ್ರಿ," ಎಂದು ಹೇಳಿ ಅಂಬಾದಾಸ ಲಾರಿಯಡಿ ತೂರಿಕೊಂಡ.

ನಾಗನಾಥ ಮಂಡಳಿಗೆ ತಪ್ಪೊಪ್ಪಿಗೆ ಬರೆದ. ಆ ಜಾಗಕ್ಕೆ ಬೇರೆಯವರು ಬಂದಾಗಿದೆ ಎಂದು ಕಾರ್ಯದರ್ಶಿ ಚನ್ನಬಸಪ್ಪನವರು ಕಾಗದವನ್ನು ಫೈಲಿಗೆ ಸೇರಿಸಿದರು. ಆಮೇಲಿನ ವರ್ಷಗಳಲ್ಲಿ ಲಿಗ್ಯಾಂಡ್ ಪಾಠ ಬಂದಾಗಲೆಲ್ಲ, ನಮ್ಮಲ್ಲಿ ಇದನ್ನು ಮೊದಲು ಕಂಡವರು ಮೋರಖಂಡಿಯ ಅಂಬಾದಾಸ ಎಂದು ನಾಗನಾಥ ಹೇಳುತ್ತಿದ್ದ. ಹುಡುಗರು ಬರೆದುಕೊಳ್ಳುತ್ತಿದ್ದರು. ಇದು ಪರೀಕ್ಷೆಗೆ ಬರುತ್ತದೇನ್ರಿ ಸರ್ ಎಂದು ಒಬ್ಬರಾದರೂ ಕೇಳುತ್ತಿದ್ದರು.