ರೋಸ್ವಿತಾ ಅವರ ಸ್ವಂತ ದನಿ

ಪಾರ್ಶ್ವವಾಯು ಬಡಿದು ಮಾತು ನಿಂತುಹೋಗಿದ್ದ ರೋಸ್ವಿತಾ ಕೆಲ್ಲರ್ಮನ್ ಅವರಿಗೆ ಮತ್ತೆ ಮಾತು ಕಲಿಸುವ ಕೆಲಸ ರಾಜಿಯ ಪಾಲಿಗೆ ಬಂತು. ಮೈಸೂರಿನಲ್ಲಿ ಸ್ಪೀಚ್ ಥೆರಪಿ ಓದಿದ್ದ ರಾಜಿ ಈಗ ನ್ಯೂಯಾರ್ಕಿನ ಹೊರವಲಯದ ಜೆರಿಕೋದಲ್ಲಿ ಮನೆ ಮಾಡಿಕೊಂಡಿದ್ದಳು. ವಾರಕ್ಕೆರಡು ಸಲ ರೈಲು ಹಿಡಿದು ಮ್ಯಾನ್‌ಹಟನ್‌ನ ಅವರ ಪುಟ್ಟ ಅಪಾರ್ಟ್‌ಮೆಂಟಿಗೆ ಹೋಗುತ್ತಿದ್ದಳು.

ಅಲ್ಲಿ ಗೋಡೆಯ ಮೇಲೆ ಜರ್ಮನ್ ಸಿನಿಮಾವೊಂದರ ಪೋಸ್ಟರಿತ್ತು. ದೋಣಿಗೆ ಒರಗಿ ನಿಂತ ಯುವತಿಯನ್ನು ತೋರಿಸಿ ರಾಜಿ ಕೇಳಿದಳು, "ಇದು ನೀವೇನಾ?"

ಎಂಬತ್ತು ದಾಟಿದ ರೋಸ್ವಿತಾ ಪದಗಳನ್ನು ತಡಕಾಡಿದರು. "ಮುಖ... ನನ್ನದು. ದನಿ... ಅಲ್ಲ."

ಉಳಿದ ಕಥೆ ತುಣುಕು ತುಣುಕಾಗಿ ಹೊರಬಂತು. ಅವರು ಬವೇರಿಯಾದ ಹಳ್ಳಿಯೊಂದರ ಕಟುಕನ ಮಗಳು. ಮ್ಯೂನಿಕ್‌ನ ಬಟ್ಟೆ ಅಂಗಡಿಯಲ್ಲಿದ್ದಾಗ ನಿರ್ದೇಶಕನೊಬ್ಬನ ಕಣ್ಣಿಗೆ ಬಿದ್ದಿದ್ದರು. ಮುಖ ಎಲ್ಲರಿಗೂ ಹಿಡಿಸಿತು. ಹಳ್ಳಿಯ ಉಚ್ಚಾರ ಯಾರಿಗೂ ಹಿಡಿಸಲಿಲ್ಲ. ನಾಟಕದ ನಟಿಯೊಬ್ಬಳಿಂದ ಅವರ ಮಾತುಗಳನ್ನು ಡಬ್ ಮಾಡಿಸಿದರು. ಸಿನಿಮಾ ಚೆನ್ನಾಗಿ ಓಡಿದ್ದರಿಂದ ಮುಂದಿನವಕ್ಕೂ ಅದೇ ದನಿ. ಬೀದಿಯಲ್ಲಿ ಜನ ಮಾತಾಡಿಸಿದರೆ ರೋಸ್ವಿತಾ ಬರೀ ನಗುತ್ತಿದ್ದರಂತೆ, ಬಾಯಿ ಬಿಟ್ಟರೆ ಕೇಳಿದವರಿಗೆ ನಿರಾಸೆಯಾದೀತೆಂದು. ಕೊನೆಗೆ ಹಟ ಹಿಡಿದು ಒಂದು ಸಿನಿಮಾದಲ್ಲಿ ಸ್ವಂತ ದನಿಯಲ್ಲೇ ನಟಿಸಿದರು. ಅದು ಒಂದು ವಾರವೂ ನಿಲ್ಲಲಿಲ್ಲ. ಆಮೇಲೆ ಅಮೆರಿಕದವನೊಬ್ಬನನ್ನು ಮದುವೆಯಾಗಿ ನ್ಯೂಯಾರ್ಕಿಗೆ ಬಂದರು. ಅವನು ತೀರಿಕೊಂಡ ಮೇಲೆ ಟೋಪಿ ಅಂಗಡಿಯಲ್ಲಿ ದುಡಿದರು.

ನ್ಯೂಯಾರ್ಕಿನ ಸಣ್ಣ ಥಿಯೇಟರೊಂದು ಈಗ ಆ ಸೋತ ಸಿನಿಮಾವನ್ನೇ ತೋರಿಸಲು ಹೊರಟಿತ್ತು. ಅದರ ಉಸ್ತುವಾರಿ ಹೊತ್ತಿದ್ದ ಶ್ರಿಯಾ ನ್ಯೂಜೆರ್ಸಿಯ ಎಡಿಸನ್‌ನಲ್ಲಿ ಬೆಳೆದ ಕನ್ನಡದವರ ಹುಡುಗಿ. "ಆಂಟಿ, ಸಿನಿಮಾ ಮುಗಿದ್ಮೇಲೆ ಆಡಿಯನ್ಸ್ ರೋಸ್ವಿತಾ ಅವರಿಗೆ ಪ್ರಶ್ನೆ ಕೇಳ್ತಾರೆ. ಅವರ ಪರವಾಗಿ ನೀವೇ ಆನ್ಸರ್ ಮಾಡ್ಬಿಡಿ. ಇಟ್ಸ್ ಟೋಟಲಿ ಫೈನ್," ಎಂದಳು ರಾಜಿಗೆ.

ರಾಜಿಗೂ ಅದೇ ಸರಿಯೆನ್ನಿಸಿತು. ಹೋಗಿ ರೋಸ್ವಿತಾ ಅವರಿಗೆ ಹೇಳಿದಳು.

ರೋಸ್ವಿತಾ ಗೋಡೆಯ ಪೋಸ್ಟರಿನ ಕಡೆ ಕೈ ತೋರಿಸಿದರು. "ಮತ್ತೆ... ಬೇರೆಯವರ ದನಿ?"

ತಾನು ಹೇಳಿದ್ದೇನೆಂದು ರಾಜಿಗೆ ಆಗ ಹೊಳೆಯಿತು. "ಬೇಡ. ನೀವೇ ಮಾತಾಡಿ," ಎಂದಳು.

ಪ್ರದರ್ಶನದ ದಿನ ಥಿಯೇಟರು ಅರ್ಧ ತುಂಬಿತ್ತು. ಸಿನಿಮಾ ಮುಗಿದ ಮೇಲೆ ಒಬ್ಬರು ಎದ್ದು ಕೇಳಿದರು, "ಇಷ್ಟು ಚೆನ್ನಾಗಿ ನಟಿಸುವವರು ಸಿನಿಮಾ ಬಿಟ್ಟಿದ್ದೇಕೆ?"

ರೋಸ್ವಿತಾ ಬಾಯಿ ತೆರೆದರು; ಪದ ಬರಲಿಲ್ಲ. ಮುಂದಿನ ಸಾಲಿನಲ್ಲಿದ್ದ ರಾಜಿಗೆ ಪದ ಎತ್ತಿಕೊಡಬೇಕೆಂಬ ಚಡಪಡಿಕೆ. ಸೆರಗಿನ ತುದಿಯನ್ನು ಮುಷ್ಟಿಯಲ್ಲಿ ಹಿಡಿದು ಸುಮ್ಮನೆ ಕುಳಿತಳು. ಯಾರೂ ಎದ್ದು ಹೋಗಲಿಲ್ಲ.

"ನಾನು ಬಿಡಲಿಲ್ಲ," ಎಂದರು ರೋಸ್ವಿತಾ ಕೊನೆಗೆ. "ಯಾರೂ... ಕರೆಯಲಿಲ್ಲ. ಕರೆದಿದ್ದರೆ... ಬರುತ್ತಿದ್ದೆ."

ಅದನ್ನು ಕೇಳಿಸಿಕೊಂಡ ನಿರ್ದೇಶಕಿಯೊಬ್ಬಳು ಮರುವಾರವೇ ಫೋನ್ ಮಾಡಿದಳು. ನ್ಯೂಜೆರ್ಸಿಯಲ್ಲಿ ಶೂಟಿಂಗ್, ಅಜ್ಜಿಯ ಸಣ್ಣ ಪಾತ್ರ, ತೊದಲುವ ಮಾತು ಹಾಗೇ ಇರಲಿ ಎಂದಳು. ರೋಸ್ವಿತಾ ಒಪ್ಪಿದರು.

ಶೂಟಿಂಗ್ ದಿನ ರಾಜಿಯೇ ರಜೆ ಹಾಕಿ ಅವರನ್ನು ಕಾರಿನಲ್ಲಿ ಕರೆದೊಯ್ದಳು. ಸಂಜೆ ವಾಪಸು ಬರುವಾಗ ಸೇತುವೆಯ ಮೇಲೆ ಟ್ರಾಫಿಕ್ಕು. "ಹೇಗಿತ್ತು?" ಎಂದು ಕೇಳಿದಳು.

ರೋಸ್ವಿತಾ ಬೂಟು ಬಿಚ್ಚಿ ಕಾಲು ಚಾಚಿಕೊಂಡರು. "ತುಂಬ... ಕಾಯಿಸಿದರು," ಎಂದರು. "ಮ್ಯೂನಿಕ್‌ನಲ್ಲೂ... ಹೀಗೇ ಕಾಯಿಸುತ್ತಿದ್ದರು."

ಅವರ ಮುಖದಲ್ಲಿ ಬೇಸರವೇನೂ ಇರಲಿಲ್ಲ.