ಮುಟ್ಟಲೊಂದು ಮರ

ಇಷ್ಟು ಸಣ್ಣ ಸಂಗತಿಯನ್ನು ಕಥೆಯೆಂದು ಹೇಳಹೊರಟದ್ದಕ್ಕೆ ಓದುವವರು ಕ್ಷಮಿಸಬೇಕು. ಮುಂಬಯಿಯ ಹತ್ತಿರದ ಠಾಣೆ ಸ್ಟೇಷನ್ ಬಿಟ್ಟ ಲೋಕಲ್ ಟ್ರೇನಿನ ಲೇಡೀಸ್ ಡಬ್ಬಿಯಲ್ಲಿ ಜಯಲತಾ ತನ್ನ ಬಲಗೈಯನ್ನು ಯಾವುದಕ್ಕೂ ತಾಗಿಸದೆ ಎದೆಯ ಹತ್ತಿರ ಹಿಡಿದುಕೊಂಡು ನಿಂತಿದ್ದಳು.

ಬಾಯಿ ಜಾರಿದ್ದು ಈಗಷ್ಟೇ. ಮಗಳು ಪ್ರಣೀತಾಗೆ ಹಿಂದೆ ಎರಡು ಸಲ ಬಸಿರು ನಿಂತಿರಲಿಲ್ಲ. ಈ ಸಲ ಬಾಣಂತನಕ್ಕೆಂದು ಡೊಂಬಿವಲಿಗೆ ಕರೆತಂದ ಮೇಲೂ ಜಯಲತಾ ಹೊರಗೆ ತುಟಿ ಬಿಚ್ಚಿರಲಿಲ್ಲ. ಇಂದು ಆಫೀಸಿನ ಗೆಳತಿ ವೇದಾವತಿ ವಿಚಾರಿಸಿದಾಗ, ಏಳು ತಿಂಗಳು ತುಂಬಿತು, ಎಂಥ ತೊಂದರೆಯೂ ಇಲ್ಲ ಎಂದುಬಿಟ್ಟಳು.

"ಟಚ್ ವುಡ್ ಹೇಳು ಮಾರಾಯ್ತಿ. ಬರೀ ಹೇಳಿದ್ರೆ ಸಾಲ್ದು, ಮರ ಮುಟ್ಬೇಕು," ಎಂದ ವೇದಾವತಿ ಕಳವಾ ಸ್ಟೇಷನ್ನಿನಲ್ಲಿ ಇಳಿದುಹೋದಳು.

ಆ ಮಾತು ಹೊಸದಲ್ಲ. ತಮ್ಮ ಬಿಪಿ ನಾರ್ಮಲ್ ಎಂದು ಹೇಳಿದಾಗಲೆಲ್ಲ ಆಫೀಸಿನ ಸಾಹೇಬರು ಟಚ್ ವುಡ್ ಎನ್ನುತ್ತ ಗಾಜಿನ ಮೇಜು ಕುಟ್ಟುತ್ತಿದ್ದರು. ಆಡಿದ ಒಳ್ಳೆಯ ಮಾತಿಗೆ ಕಣ್ಣು ಬೀಳದಿರಲೆಂದು, ನಮ್ಮವರು ಉಪ್ಪು ಮೆಣಸು ನಿವಾಳಿಸಿದ ಹಾಗೆ. ಜಯಲತಾ ನಗುತ್ತಿದ್ದಳು. ಇಂದು ಸುತ್ತ ನೋಡಿದರೆ ಕಂಬಿ ಉಕ್ಕಿನದು, ಹಿಡಿಕೆ ಪ್ಲಾಸ್ಟಿಕ್ಕಿನದು. ಮರ ಮುಟ್ಟಬೇಕಾದ ಕೈ ಮೊದಲು ಕಬ್ಬಿಣ ಮುಟ್ಟಿದರೆ? ಅವಳು ಬೀಳದಂತೆ ಜನರ ಭುಜಗಳೇ ಹಿಡಿದಿದ್ದವು.

ಮುಂಬ್ರಾ ದಾಟುತ್ತಲೇ, ಕಡಲು ಒಳಚಾಚಿದ ಖಾಡಿಯ ನೀರು ಹೊಂಬಣ್ಣಕ್ಕೆ ತಿರುಗಿತ್ತು. ದಡದ ಕಾಂಡ್ಲಾ ಗಿಡಗಳು ಮೊಣಕಾಲುದ್ದದ ನೀರಿನಲ್ಲಿ ಬಸುರಿಯರಂತೆ ನಿಧಾನ ನಡೆದು ಹಿಂದೆ ಸರಿದವು. ಒಂದೂ ಕೈಗೆಟುಕುವಂತಿರಲಿಲ್ಲ.

ಡೊಂಬಿವಲಿ ಸ್ಟೇಷನ್ ಹೊರಗೆ ಒಂದು ಅಶ್ವತ್ಥ. ಕೈ ಚಾಚಿದವಳು ತಡೆದು ನಿಂತಳು. ಶನಿವಾರವಲ್ಲದೆ ಅಶ್ವತ್ಥ ಮುಟ್ಟಬಾರದೆಂದು ಅಮ್ಮ ಹೇಳುತ್ತಿದ್ದಳು, ಇಂದು ಬುಧವಾರ. ಒಂದು ದೋಷ ಕಳೆಯಲು ಹೋಗಿ ಇನ್ನೊಂದನ್ನು ಕಟ್ಟಿಕೊಳ್ಳುವುದೇ? ಕೈ ಹಾಗೆಯೇ ಎತ್ತಿಕೊಂಡು ಮನೆಗೆ ನಡೆದಳು.

"ಎಂಥಮ್ಮ, ಕೈಗೆ ಪೆಟ್ಟಾಯ್ತಾ?" ಬಾಗಿಲು ತೆರೆದ ಪ್ರಣೀತಾ ಕೇಳಿದಳು.

ಗೆದ್ದಲು ಬಂದ ವರ್ಷ ಮನೆಯ ಮರವೆಲ್ಲ ಹೋಗಿ ಅಲ್ಯುಮಿನಿಯಂ ಬಂದಿತ್ತು. ಜಯಲತಾ ಅಡುಗೆಮನೆಯ ಮೂಲೆಯಿಂದ ತವರಿನ ಹಲಸಿನ ತುರಿಮಣೆಯನ್ನು ಕಾಲಿನಿಂದ ಎಳೆದು, ನೆಲದಲ್ಲಿ ಕುಳಿತು, ಅಂಗೈ ಊರಿದಳು. ಆಮೇಲಷ್ಟೇ ಉಸಿರು ಬಿಟ್ಟು, ವೇದಾವತಿಗೆ ಹೇಳಿದ್ದನ್ನೂ, ಅವಳು ಮರ ಮುಟ್ಟು ಎಂದದ್ದನ್ನೂ ಹೇಳಿದಳು.

ಪ್ರಣೀತಾ ನಕ್ಕಳು. "ಅದು ಹೇಳಿದ ಕೂಡ್ಲೇ ಮುಟ್ಟುವುದಮ್ಮ. ಟ್ರೇನ್ ಇಳಿದು, ಮನೆಗೆ ಬಂದು ಅಲ್ಲ."

ತಾಯಿ ನಗಲಿಲ್ಲ. ಮಗಳ ನಗುವೂ ನಿಂತಿತು. ಗೋಡೆ ಹಿಡಿದು ಮೆಲ್ಲನೆ ಕುಳಿತು, ಅವಳೂ ತನ್ನ ಅಂಗೈಯನ್ನು ತಾಯಿಯ ಕೈಯ ಪಕ್ಕದಲ್ಲಿಟ್ಟಳು. ಮಣೆಯಲ್ಲಿ ಹಳೆಯ ತೆಂಗಿನಕಾಯಿಯ ಪಸೆ ಇನ್ನೂ ಇತ್ತು.

ಅಷ್ಟು ತಡವಾಗಿ ಮುಟ್ಟಿದ್ದು ಸಲ್ಲುತ್ತದೆಯೋ ಇಲ್ಲವೋ, ಅದು ಇಬ್ಬರಿಗೂ ಗೊತ್ತಿರಲಿಲ್ಲ; ಈ ಕಥೆ ಹೇಳುತ್ತಿರುವವರಿಗೂ ಗೊತ್ತಿಲ್ಲ.