ಶೀಲದ ಮೇಷ್ಟ್ರ ನೋಟ್‌ಬುಕ್

"ಅಪ್ಪನ ಖಾನೆ ಬೀಗದಕೈ ಕೊಡಮ್ಮ, ಪೆಟ್ಟಿಗೆ ಎತ್ತೋದರೊಳಗೆ ಮುಗಿಸಿಬಿಡೋಣ," ಎಂದು ಪ್ರಿನ್ಸಿಪಾಲರು ಕೈ ಚಾಚಿಯೇಬಿಟ್ಟರು.

ಮಗಳು ಬೀಗದಕೈಯನ್ನು ಮುಷ್ಟಿಯಲ್ಲಿ ಬಿಗಿಹಿಡಿದಳು. ಹಜಾರದಲ್ಲಿ ಅಪ್ಪನ ಶವಪೆಟ್ಟಿಗೆ, ಸುತ್ತ ಜನ. ಬೈಬಲ್ ಕಾಲೇಜಿನಲ್ಲಿ ಅಪ್ಪನಿಗೆ 'ಶೀಲದ ಮೇಷ್ಟ್ರು' ಎಂದೇ ಹೆಸರು. ದೂರದೂರದ ವಿದ್ಯಾರ್ಥಿಗಳೊಂದಿಗೆ ಲ್ಯಾಪ್‌ಟಾಪಿನಲ್ಲಿ ಆಪ್ತ ಸಮಾಲೋಚನೆ ನಡೆಸುವುದು, ಮುಗಿದ ಮೇಲೆ ನೋಟ್‌ಬುಕ್ಕಿನಲ್ಲಿ ಏನೋ ಬರೆದು ಖಾನೆಗೆ ಬೀಗ ಹಾಕುವುದು, ವರ್ಷದ ಕೊನೆಗೆ ಅವರ ಶೀಲಕ್ಕೆ ಅಂಕ ಕೊಡುವುದು. ಅಂಕವೇನು ಬಂತು, ಎಲ್ಲರಿಗೂ ನೂರಕ್ಕೆ ನೂರು!

"ಪ್ರಶ್ನೆಪತ್ರಿಕೆ ಕದ್ದೋರು ಇವರ ಹತ್ರ ಒಪ್ಪಿಕೊಂಡಿದ್ದಾರಂತೆ. ನೋಟ್‌ಬುಕ್ಕಲ್ಲಿ ಹೆಸರು ಸಿಕ್ಕರೆ ಇವತ್ತೇ ಡಿಬಾರ್," ಎಂದರು ಪ್ರಿನ್ಸಿಪಾಲರು.

ಗೋಡೆಗೊರಗಿದ್ದ ವಿದ್ಯಾರ್ಥಿನಿಯೊಬ್ಬಳ ಮುಖ ಬಿಳಿಚಿತು. ಇವಳೇ ಎಂದು ಮಗಳಿಗೆ ಹೊಳೆಯಿತು.

"ಸತ್ತೋರ ಮುಂದೆ ಇದೆಲ್ಲ ಬೇಕಾ ಸಾರ್?" ಎಂದರು ಸೋದರತ್ತೆ.

"ಬೇಡವಾ ಮತ್ತೆ? ನಾಳೆ ಸಭೆಗೆ ಬೋಧನೆ ಮಾಡೋರು ಈ ವಿದ್ಯಾರ್ಥಿಗಳೇ!"

*

ನಾಲ್ಕು ವರ್ಷದ ಹಿಂದೆ ಮಗಳು ಅಪ್ಪನ ಕೋಣೆಯ ಬಾಗಿಲು ತಟ್ಟಿದ್ದಳು. ಫೇಲಾಗಿ, ಬದುಕೇ ಬೇಡ ಅನ್ನಿಸಿದ್ದ ದಿನ.

"ಲ್ಯಾಪ್‌ಟಾಪಲ್ಲಿ ಒಬ್ಬಳು ಅಳ್ತಿದಾಳೆ ಕಣಮ್ಮ, ಆಮೇಲೆ ಬಾ," ಎಂದಿತ್ತು ಒಳಗಿಂದ ಅಪ್ಪನ ದನಿ.

ಆ 'ಆಮೇಲೆ' ಬರಲೇ ಇಲ್ಲ. ಊರಿಗೆ ಉಪಕಾರಿ, ಮನೆಗೆ ಮಾರಿ ಎಂದು ಅವಳು ಅಂದಿನಿಂದ ಹಲ್ಲು ಕಡಿಯುತ್ತಲೇ ಇದ್ದಳು.

*

ಕೊಟ್ಟೇಬಿಡಲೇ? ಅಪ್ಪನ ಮೇಲಿನ ಸಿಟ್ಟಿಗೆ ಒಂದು ಕ್ಷಣ ಹಾಗೂ ಅನ್ನಿಸಿತು. ಆದರೆ ಆ ಹುಡುಗಿ ಕಣ್ಣಲ್ಲೇ ಬೇಡುತ್ತಿದ್ದಳು. ಅವಳ ಹೆಸರಿರುವ ಪುಟ ಹರಿದು ಬಾಯಿಗೆ ಹಾಕಿಕೊಂಡರೂ ಸರಿಯೇ ಎಂದುಕೊಂಡು ಮಗಳು ತಾನೇ ಖಾನೆ ತೆರೆದಳು. ಎರಡು ಪುಟ ತಿರುವಿ ಮೇಲಿನ ಸಾಲುಗಳನ್ನಷ್ಟೇ ಓದಿದವಳು ನೋಟ್‌ಬುಕ್ ಮುಂದೆ ಚಾಚಿದಳು.

"ತಗೊಳ್ಳಿ ಸಾರ್. ಎಲ್ಲರಿಗೂ ಕೇಳೋ ಹಾಗೆ ಓದಿ."

ಪ್ರಿನ್ಸಿಪಾಲರು ಗಂಟಲು ಸರಿಮಾಡಿಕೊಂಡರು. "'ಶುಕ್ರವಾರ. ಅಳುವವರ ಮುಂದೆ ನಾನೇ ದೊಡ್ಡ ಸಾಧು ಅನ್ನೋ ಹಾಗೆ ಮಾತಾಡಿದೆ. ತಪ್ಪು. ಮಂಗಳವಾರ. ಪ್ರಿನ್ಸಿಪಾಲರನ್ನು ಮನಸ್ಸಿನಲ್ಲೇ ಕತ್ತೆ ಅಂದೆ. ತಪ್ಪು.'"

ಯಾರೋ ಕರವಸ್ತ್ರದೊಳಗೇ ನಕ್ಕರು. ಪ್ರಿನ್ಸಿಪಾಲರು ಸರಸರನೆ ಪುಟ ತಿರುವಿದರು. ವಿದ್ಯಾರ್ಥಿಗಳ ಹೆಸರೂ ಇಲ್ಲ, ಪಾಪವೂ ಇಲ್ಲ. ಬರೆದಿದ್ದದ್ದೆಲ್ಲ ಮೇಷ್ಟ್ರ ತಪ್ಪುಗಳೇ. ತಿರುವುತ್ತಿದ್ದ ಕೈ ನಿಧಾನವಾಯಿತು.

"ಯಾಕೆ ಸಾರ್, ಏನಿದೆ?" ಎಂದಳು ಮಗಳು.

"ಪ್ರತಿ ಪುಟದ ಕೊನೆಗೂ ಒಂದೇ ಮಾತಿದೆಯಮ್ಮ," ಎಂದರು ಅವರು ಸಣ್ಣ ದನಿಯಲ್ಲಿ. "'ಅವತ್ತು ಬಾಗಿಲು ತಟ್ಟಿದ ಮಗಳ ಹತ್ರ ಇವತ್ತೂ ಕ್ಷಮೆ ಕೇಳಲಿಲ್ಲ.' ಕೊನೇದು ಮೊನ್ನೆ ಬರೆದಿದ್ದು."

ಪಾದ್ರಿಗಳು ಹೊತ್ತಾಯಿತು ಎಂದು ಸನ್ನೆ ಮಾಡಿದರು. ಜನ ಎದ್ದರು. ಮಗಳು ಮಾತ್ರ ಪೆಟ್ಟಿಗೆಯ ಪಕ್ಕ ನೆಲದ ಮೇಲೆಯೇ ಕುಳಿತಳು.

"ಅಪ್ಪಾ," ಎಂದಳು. "ಅವತ್ತು ಏನಾಗಿತ್ತು ಗೊತ್ತಾ..."

ಎದ್ದಿದ್ದವರು ಒಬ್ಬೊಬ್ಬರಾಗಿ ಮತ್ತೆ ಕುಳಿತುಕೊಂಡರು.